ಎರಡು ಸಲ ಬಡಿದರೆ ನನಗೆ

ನಂಬುವವರು ನಂಬಿ, ಬಿಡುವವರು ಬಿಡಿ. ಇದನ್ನು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ದೆವ್ವ ಕಂಡೆ, ನೆರಳು ಕಂಡೆ ಎನ್ನುವವರನ್ನು ಬಾಯಿಗೆ ಬಂದಂತೆ ಆಡಿಕೊಂಡು ನಕ್ಕವಳು ನಾನು. ಈಗ ಬೇಕಾದವರು ನನ್ನನ್ನು ಆಡಿಕೊಳ್ಳಲಿ. ನಡೆದದ್ದು ಮಾತ್ರ ನಡೆದದ್ದೇ... ಗಜೇಂದ್ರಗಡದ ನಮ್ಮ ಮನೆಯಲ್ಲೇ, ನಾನು ಪೂರ್ತಿ ಎಚ್ಚರವಿದ್ದಾಗಲೇ.

ಮೊದಲು ಮನೆಯ ವಿಷಯ ಹೇಳಿಬಿಡುತ್ತೇನೆ. ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲಿ ಮಾವನವರ ಕುಣಿ ಮಗ್ಗವಿದೆ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಒಮ್ಮೆ ಇಳಿದು ಕೂತರೆ ಪದೇ ಪದೇ ಏಳಲು ಆಗುವುದಿಲ್ಲ. ಹಾಗಾಗಿ ಮಾವ ಯಾರನ್ನಾದರೂ ಕರೆಯಬೇಕಾದರೆ ಕೂಗುತ್ತಿರಲಿಲ್ಲ, ಅಡ್ಡ ನೂಲು ಹಾಯಿಸುವ ಕೈಯಲ್ಲಿನ ಲಾಳಿಯಿಂದ ಮಗ್ಗದ ಕಂಬಕ್ಕೆ ಬಡಿಯುತ್ತಿದ್ದರು. ಮೂರು ಸಲ ಬಡಿದರೆ ಅತ್ತೆಗೆ. ಎರಡು ಸಲ ಬಡಿದರೆ ನನಗೆ.

ಟಕ್, ಟಕ್ ಎಂದರೆ ಸಾಕು, ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತದೆ ಹೇಳುತ್ತಿದ್ದರು, "ಗಿರಿಜಾ, ನಿನ್ನ ಕರ್ಯಾಕತ್ತಾರ. ಲಗೂ ಹೋಗು, ಮತ್ತೊಮ್ಮೆ ಕರಿಸ್ಕೋಬ್ಯಾಡ."

ಮತ್ತೊಮ್ಮೆ ಕರೆಸಿಕೊಂಡರೆ ಮಾವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನನಗೂ ಏನು ಕಡಿಮೆ ಇರಲಿಲ್ಲ. ಚಹಾ ಲೋಟ ಅವರ ಮುಂದೆ ಕುಕ್ಕಿ ಬರುತ್ತಿದ್ದೆ.

ನನ್ನ ಕೆಲಸ ಕಂಪ್ಯೂಟರಿನದು. ಓಣಿಯ ನಾಲ್ಕು ಮನೆಗಳ ಮಗ್ಗದ ಸೀರೆಗಳ ಫೋಟೊ ತೆಗೆದು ಹೊರಗಿನ ಅಂಗಡಿಗಳಿಗೆ ಮೇಲ್ ಕಳಿಸುವುದು, ಆರ್ಡರ್ ಹಿಡಿಯುವುದು. ಹೊಸ ಮೇಲ್ ಬಂದ ಕೂಡಲೇ ಸದ್ದು ಮಾಡಿ ಪರದೆಯ ಮೂಲೆಯಲ್ಲಿ ಚೀಟಿ ತೋರಿಸುವ ಒಂದು ಪುಟ್ಟ ಸಾಫ್ಟ್‌ವೇರ್ ಹಾಕಿಕೊಂಡಿದ್ದೆ. ಅದರದ್ದು ಇಲಿ ಕಿರುಚಿದಂಥ ಸದ್ದು, ಅಡುಗೆಮನೆಗೆ ಕೇಳುತ್ತಲೇ ಇರಲಿಲ್ಲ. ನಮಗೆ ಬೇಕಾದ ಸದ್ದು ಹಾಕಿಕೊಳ್ಳಬಹುದು ಎಂದು ಗೊತ್ತಾದಾಗ ಮಾವನ ಲಾಳಿಯ ಸದ್ದನ್ನೇ ಫೋನಿನಲ್ಲಿ ಹಿಡಿದು ಅದಕ್ಕೆ ಹಾಕಿದೆ. ಮೂರು ಸಲದ್ದು. ಎರಡು ಸಲದ್ದು ಕೇಳಿ ಕೇಳಿ ಸಾಕಾಗಿತ್ತಲ್ಲ.

ಮಾವ ಕೇಳಿ ನಕ್ಕಿದ್ದರು. "ಚಲೋ ಆತು ಬಿಡವಾ. ಇನ್ನ ನಾ ಇರ್ಲಿ ಬಿಡ್ಲಿ, ಕರಿಯೂದಂತೂ ತಪ್ಪಂಗಿಲ್ಲ."

ಹೋದ ದೀಪಾವಳಿಯ ಹೊತ್ತಿಗೆ ಮಾವ ತೀರಿಕೊಂಡರು. ಮಗ್ಗದ ಮೇಲೆ ನಮ್ಮ ಕಡೆಯ ಪಟ್ಟೇದ ಅಂಚಿನ ಸೀರೆ ಅರ್ಧಕ್ಕೇ ನಿಂತಿತ್ತು. ಅರ್ಧ ನೇಯ್ದ ಸೀರೆಯನ್ನು ಕತ್ತರಿಸಿ ತೆಗೆಯುವುದು ನಮ್ಮ ಮನೆಯ ಪದ್ಧತಿಯಲ್ಲಿ ಇಲ್ಲ. ಶುರು ಮಾಡಿದವನು ಹೋದರೆ ಮನೆಯವರೇ ಯಾರಾದರೂ ಕೂತು ಮುಗಿಸಬೇಕು. ನನಗೆ ನೇಯಲು ಬರುವುದಿಲ್ಲ. ನನ್ನ ಗಂಡ ಬಸ್ ಡ್ರೈವರ್, ಅವರಿಗೂ ಬರುವುದಿಲ್ಲ. ಉಳಿದವರು ಅತ್ತೆ.

ಅತ್ತೆಗೆ ಬಿ.ಪಿ. ಕುಣಿಯಲ್ಲಿ ಇಳಿದು ಕೂರಲೇಬಾರದು, ತಲೆ ತಿರುಗಿ ಬಿದ್ದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಕೇಳಬೇಕಲ್ಲ! ಹಗಲು ನಾನು ಕಾವಲು ಕೂತರೆ ರಾತ್ರಿ ಎದ್ದು ಕೂರುತ್ತಿದ್ದರು. ಕೊನೆಗೆ ನಾನೊಂದು ಉಪಾಯ ಮಾಡಿದೆ. ಮನೆಯಲ್ಲಿದ್ದದ್ದು ಅದೊಂದೇ ಲಾಳಿ. ದಿನಾ ಸಂಜೆ ಅದನ್ನು ತಂದು ಕಂಪ್ಯೂಟರ್ ಕೋಣೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ತಾಳಿಸರಕ್ಕೆ ಸಿಕ್ಕಿಸಿಕೊಂಡು ಮಲಗುತ್ತಿದ್ದೆ. ಲಾಳಿ ಇಲ್ಲದೆ ಏನು ನೇಯುತ್ತಾರೆ, ನೋಡೇಬಿಡೋಣ ಎಂದು.

ಇಷ್ಟರಲ್ಲಿ ಪರದೇಶದ ಒಂದು ಅಂಗಡಿಯಿಂದ ದೊಡ್ಡ ಆರ್ಡರಿನ ಮಾತು ಬಂತು. ಅಂಚಿನ ಮಾದರಿ ಕಳಿಸಿದ್ದೆವು, ಒಪ್ಪಿಗೆಯ ಮೇಲ್ ಬರಬೇಕಿತ್ತು. ಅವರಿಗೆ ಹಗಲಾದರೆ ನಮಗೆ ರಾತ್ರಿ. ಹಾಗಾಗಿ ಕಂಪ್ಯೂಟರ್ ಆರಿಸದೆ ಅದರ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು ಮಲಗಲು ಶುರು ಮಾಡಿದೆ. ನಮ್ಮವರಿಗೆ ಆ ವಾರ ರಾತ್ರಿ ಪಾಳಿ. ಮನೆಯಲ್ಲಿ ನಾವಿಬ್ಬರೇ. ಅತ್ತೆ ಎಂದಿನಂತೆ ಪಡಸಾಲೆಯಲ್ಲಿ, ಮಗ್ಗದ ಪಕ್ಕ.

ಮೊದಲ ರಾತ್ರಿಯೇ... ಟಕ್, ಟಕ್, ಟಕ್.

ದಡಕ್ಕನೆ ಎದ್ದೆ. ಪರದೆ ನೋಡಿದೆ. ಚೀಟಿ ಇಲ್ಲ, ಮೇಲ್ ಇಲ್ಲ. ಇಂಟರ್ನೆಟ್ಟಿಗೆ ಶಾಪ ಹಾಕಿ ಮಲಗಿದೆ. ನಿದ್ದೆ ಹತ್ತಿತು ಅನ್ನುವಷ್ಟರಲ್ಲಿ ಮತ್ತೆ ಟಕ್, ಟಕ್, ಟಕ್. ಮತ್ತೆ ಎದ್ದರೆ ಮತ್ತೆ ಏನೂ ಇಲ್ಲ. ಮರುರಾತ್ರಿಯೂ ಅದೇ ಹಾಡು. ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದೆ. ಆದರೂ ಅದೇ. ತೋಳ ಬಂತು ತೋಳ ಅಂದಂತಾಯಿತು ನನ್ನ ಪಾಡು. ನಿದ್ದೆಗೆಟ್ಟು ಹಗಲೆಲ್ಲ ಕಂಡಕಂಡವರ ಮೇಲೆ ಹರಿಹಾಯುತ್ತಿದ್ದೆ, ಹಾಲಿನವನ ಮೇಲೂ.

ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಮೈಬೂಬನನ್ನು ಕರೆಸಿದೆ. ಅವನು ಒಂದು ತಾಸು ಕೂತು ಎಲ್ಲ ತಿರುವಿ ಹಾಕಿ ನೋಡಿದ.

"ಅಕ್ಕಾರ, ಇದರಾಗೇನೂ ಫಾಲ್ಟ್ ಇಲ್ರಿ. ಮೇಲ್ ಬರದ ಇದು ಸದ್ದ ಮಾಡೂದಽ ಇಲ್ಲ."

"ಹಂಗಾರ ಫಾಲ್ಟು ನನ್ನ ತಲ್ಯಾಗ ಐತೇನು?"

ಅವನು ನಗಲಿಲ್ಲ. "ಸದ್ದು ಬ್ಯಾರೆ ಕಡಿಂದ ಬರ್ತಿರಬೇಕ್ರಿ," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಇವನಿಗೆ ಬರುವುದಿಲ್ಲ, ಅದಕ್ಕೇ ಹೀಗೆ ಜಾರಿಕೊಂಡ ಎಂದುಕೊಂಡೆ.

ಆ ರಾತ್ರಿ ಸದ್ದಾದಾಗ ನೀರು ಕುಡಿಯಲು ಪಡಸಾಲೆ ದಾಟಿ ಹೋದೆ. ಕತ್ತಲಲ್ಲಿ ಅತ್ತೆ ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ಮುಖ ಮಗ್ಗದ ಕಡೆ. "ಬಂದೆ... ಬಂದೆ ತಡೀರಿ..." ಎಂದು ಸಣ್ಣ ದನಿಯಲ್ಲಿ ಅನ್ನುತ್ತಿದ್ದರು.

"ಅತ್ತಿ, ಯಾರ ಜೋಡಿ ಮಾತಾಡಾಕತ್ತೀರಿ?"

"ಕರದ್ರಲ್ಲ."

"ಅದು ನನ್ನ ಕಂಪ್ಯೂಟರ್ ರೀ. ಮಲ್ಕೋರಿ ಸುಮ್ನ."

ಅತ್ತೆ ನನ್ನ ಕಡೆ ತಿರುಗಿದರು. "ಕಂಪ್ಯೂಟರಿನ ಸದ್ದು ನನಗ ಗೊತ್ತಿಲ್ಲೇನವಾ? ಅದು ಒಳಗಿಂದ ಬರ್ತೈತಿ. ಇದು ಇಲ್ಲಿಂದ, ಮಗ್ಗದಿಂದ."

ಬೆನ್ನಿಗೆ ತಣ್ಣಗೆ ಏನೋ ತಾಗಿದಂತಾಯಿತು. ಆದರೆ ಭಯಕ್ಕಿಂತ ಸಿಟ್ಟೇ ಹೆಚ್ಚಿತ್ತು ನೋಡಿ. ಈ ಹಾಳು ಸಾಫ್ಟ್‌ವೇರಿನಿಂದ ಅತ್ತೆಯ ತಲೆಯೂ ಕೆಡುತ್ತಿದೆ ಎಂದು ಮೈಯೆಲ್ಲ ಉರಿಯಿತು. ಒಳಗೆ ಹೋದವಳೇ ಸ್ಪೀಕರಿನ ವೈರನ್ನು ಕಿತ್ತು ಎಸೆದೆ. ಮೇಲ್ ಬಂದರೆ ಬೆಳಿಗ್ಗೆ ನೋಡಿದರಾಯಿತು.

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಒಂದು ಮಗ್ಗವೂ ಸದ್ದು ಮಾಡುವುದಿಲ್ಲ. ಮಗ್ಗಕ್ಕೆ ಪೂಜೆ ಮಾಡಿ, ಕುಂಕುಮ ಹಚ್ಚಿ ಸುಮ್ಮನೆ ಬಿಡುತ್ತಾರೆ. ಅತ್ತೆಯಂತೂ ಆ ದಿನ ಕುಣಿಗೆ ಕಾಲೇ ಇಡುವವರಲ್ಲ. ಹಾಗಾಗಿ ಅವತ್ತು ನನಗೆ ನಿಶ್ಚಿಂತೆ. ಬೇರೆ ದಿನವಾದರೆ ಮಲಗುವ ಮುನ್ನ ಎರಡು ಸಲ ಹೋಗಿ ನೋಡಿ ಬರುತ್ತಿದ್ದೆ. ಅವತ್ತು ಒಮ್ಮೆಯೂ ನೋಡಲಿಲ್ಲ. ಲಾಳಿಯೂ ಕಪಾಟಿನಲ್ಲಿದೆ, ಸ್ಪೀಕರಿನ ವೈರೂ ಇಲ್ಲ, ಅಮಾವಾಸ್ಯೆ ಬೇರೆ. ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಬೇಕೆಂದು ಕಂಪ್ಯೂಟರನ್ನೂ ಆರಿಸಿ ಮಲಗಿದೆ.

ಎಷ್ಟು ಹೊತ್ತಾಗಿತ್ತೋ. ಕಿಟಕಿಯಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪಗಳು ಮಿಣುಕುತ್ತಿದ್ದವು. ನಿದ್ದೆಯಲ್ಲೇ ಮೂರು ಸಲ ಬಡಿದದ್ದು ಕೇಳಿದಂತಾಯಿತು. ಬಡ್ಕೋ ಹೋಗು ಎಂದು ಮಗ್ಗಲು ಬದಲಿಸಿದೆ. ಕನಸು ಎಂದುಕೊಂಡೆ.

ಸ್ವಲ್ಪ ಹೊತ್ತು ಏನೂ ಇಲ್ಲ... ಆಮೇಲೆ...

ಟಕ್. ಟಕ್.

ಕಣ್ಣು ತೆರೆದೆ. ಮೂರನೆಯದಕ್ಕೆ ಕಾದೆ. ಬರಲಿಲ್ಲ.

ಕಂಪ್ಯೂಟರಿನಲ್ಲಿ ನಾನು ಹಾಕಿದ್ದು ಮೂರು ಸಲದ್ದು. ಎರಡು ಸಲದ ಸದ್ದನ್ನು ನಾನು ಹಿಡಿದೇ ಇಲ್ಲ. ಅದು ಯಾವ ಯಂತ್ರದಲ್ಲೂ ಇಲ್ಲ. ಅದು ಇದ್ದದ್ದು ಒಬ್ಬರ ಕೈಯಲ್ಲಿ ಮಾತ್ರ.

ಟಕ್. ಟಕ್.

ಈ ಸಲ ಜೋರಾಗಿ, ಸಿಟ್ಟಿನಿಂದ ಬಡಿದಂತೆ. ಮತ್ತೊಮ್ಮೆ ಕರೆಸಿಕೊಂಡಾಗ ಬಡಿಯುತ್ತಿದ್ದರಲ್ಲ, ಹಾಗೆಯೇ. ನಾನು ಹೇಗೆ ಎದ್ದೆನೋ, ಹೇಗೆ ಓಡಿದೆನೋ ಗೊತ್ತಿಲ್ಲ. ಪಡಸಾಲೆಯ ಬಾಗಿಲು ತಳ್ಳಿದಾಗ ಗಪ್ಪನೆ ಮೂಗಿಗೆ ಬಡಿದದ್ದು ತಂಬಾಕು, ಸುಣ್ಣದ ವಾಸನೆ. ಮಾವ ಹೋದ ಮೇಲೆ ನಮ್ಮ ಮನೆಯಲ್ಲಿ ತಂಬಾಕು ಹಾಕುವವರು ಯಾರೂ ಇಲ್ಲ.

ಹಾಸಿಗೆಯಲ್ಲಿ ಅತ್ತೆ ಇರಲಿಲ್ಲ. ದೀಪ ಹಾಕಿದೆ. ಕುಣಿಯೊಳಗೆ ಮುದುಡಿ ಬಿದ್ದಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಕಣ್ಣು ತೆರೆದೇ ಇತ್ತು, ದನಿ ಹೊರಡುತ್ತಿರಲಿಲ್ಲ. ಬಲಗೈ ಹಗ್ಗದಂತೆ ಜೋತುಬಿದ್ದಿತ್ತು. ಎಡಗೈ ಮೈಯಡಿ ಸಿಕ್ಕಿಕೊಂಡಿತ್ತು.

ನಾನು ಚೀರಿದ್ದಕ್ಕೆ ಪಕ್ಕದ ಮನೆಯವರು ಓಡಿಬಂದರು. ಎಲ್ಲರೂ ಸೇರಿ ಅತ್ತೆಯನ್ನು ಎತ್ತಿ, ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಹೋದೆವು. ಅಲ್ಲಿಂದ ಗದಗಿಗೆ. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಯಾರು ಎಬ್ಬಿಸಿದರು ನಿಮ್ಮನ್ನು ಎಂದು ಡಾಕ್ಟರು ಕೇಳಿದಾಗ, ಸದ್ದು ಕೇಳಿ ಎದ್ದೆ ಎಂದಷ್ಟೇ ಹೇಳಿದೆ.

ಮನೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಕಪಾಟು ನೋಡಿದ್ದು. ಕೀಲಿ ಹಾಕಿದಂತೆಯೇ ಇತ್ತು. ಲಾಳಿ ಒಳಗೇ ಇತ್ತು. ಕಂಪ್ಯೂಟರ್ ಹಚ್ಚಿದರೆ ಪರದೇಶದ ಒಪ್ಪಿಗೆಯ ಮೇಲ್ ಬಂದು ಬಿದ್ದಿತ್ತು. ಇಡೀ ವಾರ ಸುಳ್ಳು ಸುಳ್ಳೇ ಬಡಿದು ನಿದ್ದೆ ಕೆಡಿಸಿದ ಸದ್ದು, ನಿಜವಾದ ಮೇಲ್ ಬಂದಾಗ ಮಾತ್ರ ನಾನೇ ಅದರ ಬಾಯಿ ಮುಚ್ಚಿಸಿದ್ದೆ. ಖುಷಿಪಡಬೇಕೋ, ಯಂತ್ರವನ್ನು ಎತ್ತಿ ಬೀದಿಗೆ ಬಿಸಾಡಬೇಕೋ ತಿಳಿಯದೆ ಕೂತು ಅತ್ತುಬಿಟ್ಟೆ.

ಅತ್ತೆಗೆ ತೊದಲು ಮಾತು ಬಂದಾಗ ಬೈದೇ ಕೇಳಿದೆ. "ಅಮಾಸಿ ದಿನಾನೂ ಬಿಡ್ಲಿಲ್ಲಲ್ರಿ ನೀವು. ಯಾಕ್ ಹೋಗಿದ್ರಿ ಕುಣ್ಯಾಗ?"

"ನೇಯಾಕ ಹೋಗಿದ್ದಿಲ್ಲವಾ," ಎಂದರು ಅತ್ತೆ, ಒಂದೊಂದೇ ಮಾತು ಕೂಡಿಸಿ. "ಅಮಾಸಿ ದಿನ ಯಾರ್ ಕೂಡ್ತಾರ... ಅವರು ಕರದ್ರು. ಮೂರ್ ಸಲ. ಅದಕ್ಕ ಹೋದೆ."

"ನನ್ನ ಕರದವರು ಯಾರ್ರಿ ಮತ್ತ? ನೀವಽ ಬಡದ್ರೇನು?"

ಅತ್ತೆ ನನ್ನನ್ನೇ ನೋಡಿದರು. "ಯಾ ಕೈಲೆ ಬಡೀಲಿ?"

ಒಂದು ಮಾತು ನನ್ನನ್ನು ಇವತ್ತಿಗೂ ಕೊರೆಯುತ್ತದೆ. ಅತ್ತೆಯನ್ನು ಉಳಿಸಲು ನನ್ನನ್ನು ಕರೆದದ್ದು ಮಾವನೇ ಎಂದಾದರೆ, ಅದಕ್ಕೂ ಮೊದಲು ಮೂರು ಸಲ ಬಡಿದು ಅತ್ತೆಯನ್ನು ಕರೆದದ್ದು ಯಾಕೆ? ಎಲ್ಲಿಗೆ? ಇದನ್ನು ಯಾರಲ್ಲಿ ಕೇಳಲಿ? ಗಂಡನಿಗೆ ಹೇಳಿದರೆ, "ನಿದ್ದಿ ಕಡಿಮಿ ಆಗೇತಿ ನಿನಗ," ಎಂದರು. ನನ್ನ ಮಾತು ನಂಬದಿದ್ದರೂ ಮಗ್ಗದ ಮೇಲೆ ಮಾತ್ರ ಅವರಿಗೆ ಸಿಟ್ಟು ಬಂದಿತ್ತು. ಮಗ್ಗ ಬಿಚ್ಚಿ, ಕುಣಿಗೆ ಮಣ್ಣು ತುಂಬಿ ನೆಲಕ್ಕೆ ಫರಸಿ ಕಲ್ಲು ಹಾಕಿಸುವುದೆಂದು ನಿಶ್ಚಯಿಸಿ ಲಕ್ಕಲಕಟ್ಟಿಯ ಕೆಲಸದವರಿಗೆ ಹೇಳಿಯೂಬಿಟ್ಟರು. ಉಳಿದ ಅರ್ಧ ಸೀರೆ? ಕತ್ತರಿಸುವುದು. ಅತ್ತೆ ಆ ಮಾತು ಕೇಳಿ ಗೋಡೆಯ ಕಡೆ ಮುಖ ತಿರುಗಿಸಿದರು.

ಕೆಲಸದವರು ಬರುವ ಹಿಂದಿನ ರಾತ್ರಿ ನಮ್ಮವರು ನರಗುಂದದ ಪಾಳಿಗೆ ಹೋಗಿದ್ದರು. ಅತ್ತೆಯ ಹಾಸಿಗೆ ಈಗ ಒಳಗೆ, ನನ್ನ ಪಕ್ಕ. ಚಮಚದಿಂದ ಗಂಜಿ ಕುಡಿಸುತ್ತಿದ್ದೆ. ಸಾಫ್ಟ್‌ವೇರನ್ನು ಕಂಪ್ಯೂಟರಿನಿಂದ ಅಳಿಸಿಹಾಕಿ ಆಗಲೇ ಬಹಳ ದಿನವಾಗಿತ್ತು. ಸ್ಪೀಕರು ಅಟ್ಟದ ಮೇಲಿತ್ತು. ಅತ್ತೆಯ ಎರಡೂ ಕೈ ನನ್ನ ಕಣ್ಣ ಮುಂದೆ ಹೊದಿಕೆಯ ಮೇಲಿದ್ದವು.

ಪಡಸಾಲೆಯಿಂದ... ಟಕ್. ಟಕ್.

ಚಮಚ ನನ್ನ ಕೈಯಲ್ಲೇ ನಿಂತಿತು. ಅತ್ತೆ ಒಂದಿಷ್ಟೂ ಬೆಚ್ಚಲಿಲ್ಲ. ಗಂಜಿ ನುಂಗಿ, ರೊಟ್ಟಿ ಬಡಿಯುವಾಗ ಹೇಳುತ್ತಿದ್ದ ಅದೇ ದನಿಯಲ್ಲಿ, ಒಂದು ಅಕ್ಷರವೂ ತೊದಲದೆ ಹೇಳಿದರು.

"ಗಿರಿಜಾ, ನಿನ್ನ ಕರ್ಯಾಕತ್ತಾರ. ಲಗೂ ಹೋಗು, ಮತ್ತೊಮ್ಮೆ ಕರಿಸ್ಕೋಬ್ಯಾಡ."

ನಾನು ಹೋಗಲಿಲ್ಲ. ಬೆಳಗಿನವರೆಗೂ ಬಾಗಿಲಿಗೆ ಚಿಲಕ ಹಾಕಿ ಅತ್ತೆಯ ಕೈ ಹಿಡಿದು ಕೂತಿದ್ದೆ. ಬೆಳಿಗ್ಗೆ ಬಂದ ಕೆಲಸದವರನ್ನು ನಾನೇ ಜಗಳ ತೆಗೆದು ಹಿಂದೆ ಕಳಿಸಿದೆ. ಮಗ್ಗ ಅಲ್ಲೇ ಇದೆ, ಅರ್ಧ ಸೀರೆ ಅದರ ಮೇಲೇ ಇದೆ. ನೇಯುವುದನ್ನು ಕಲಿಯಬೇಕೋ ಏನೋ, ಯೋಚಿಸುತ್ತಿದ್ದೇನೆ. ಆದರೆ ಆ ಕುಣಿಯಲ್ಲಿ ಕಾಲು ಇಳಿಬಿಡುವ ಧೈರ್ಯ ನನಗಿಲ್ಲ.

ಮತ್ತೊಮ್ಮೆ ಇನ್ನೂ ಕರೆದಿಲ್ಲ.