ಬಾಲವಿರುವ ನಕ್ಷತ್ರ

ನೆರೆಮನೆಯ ಬೆನೆಡಿಕ್ಟಾ ಗೋದಲಿ ಕಟ್ಟುವುದರಲ್ಲಿ ಮಹಾ ಹಟಮಾರಿ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಕ್ರಿಸ್ಮಸ್‌ಗೆಂದು ಹುಲ್ಲು, ಮಣ್ಣು, ಮೊಳಕೆ ಬಂದ ಭತ್ತದಿಂದ ಕಟ್ಟುವಾಗ ಬೇರೆಯವರು ಒಂದು ಕಡ್ಡಿ ಸರಿಸಿದರೂ ಅವಳಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಕಾಪುವಿನ ನಮ್ಮ ವಾರ್ಡಿನ ಕ್ರೈಸ್ತರು ಚರ್ಚಿನ ಸ್ಪರ್ಧೆಯ ಗೋದಲಿಯನ್ನು ಅವಳ ಕೈಗೇ ಬಿಟ್ಟಿದ್ದರು. ಅವಳು ಇಸ್ರೇಲಿಗೆ ಹೋದ ಮೇಲೆ ಅದಕ್ಕೆ ಕಳೆಯೇ ಇರಲಿಲ್ಲ. ಶೆಟ್ಟರ ಮನೆಯವಳಾದ ನಾನೂ ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಅಲ್ಲಿ ಅವಳು ಹಾಸಿಗೆ ಹಿಡಿದ ಅಜ್ಜಿಯೊಬ್ಬರ ಆರೈಕೆಗಿದ್ದಳು. ಯುದ್ಧದ ಬಗ್ಗೆ ಕೇಳಿದರೆ, "ಸೈರನ್ ಆದರೆ ಒಳಗಿನ ಕೋಣೆಗೆ ಹೋಗುವುದು, ಅಷ್ಟೇ" ಎನ್ನುತ್ತಿದ್ದಳು. ಊರಿಗೆ ಮರಳಿದವಳು ಮತ್ತೆ ಗೋದಲಿಗೆ ಕೈಹಾಕಿದಳು.

ಡಿಸೆಂಬರಿನ ಒಂದು ಸಂಜೆ ವಯರಿಂಗ್ ಕೆಲಸದ ರಿತೇಶ್ ಹೊಸ ನಕ್ಷತ್ರ ತಂದ. ಮೂವರು ರಾಜರಿಗೆ ದಾರಿ ತೋರಿಸಿದ ನಕ್ಷತ್ರ. ಉದ್ದ ಬಾಲದ ತುಂಬ ಬಲ್ಬು. ತೆಂಗಿನ ಮರದಿಂದ ಗೋದಲಿಯ ಹುಲ್ಲಿನ ಮಾಡಿಗೆ ತಂತಿ ಎಳೆದು, "ನೋಡಿ ಆಂಟಿ" ಎಂದು ಸ್ವಿಚ್ ಹಾಕಿದ. ನಕ್ಷತ್ರ ಸುಂಯ್ಯೆಂದು ಇಳಿಯಿತು.

ಬೆನೆಡಿಕ್ಟಾ ಓಡಿದಳು. ಭತ್ತದ ಮೊಳಕೆ ತುಳಿದು, ಕುರಿಗಳನ್ನು ಉರುಳಿಸಿ, ಮಗುವಿನ ತೊಟ್ಟಿಯ ಮೇಲೆ ಕವುಚಿ ಬಿದ್ದಳು. ತೊಟ್ಟಿಯಲ್ಲಿ ಮಗುವೇ ಇರಲಿಲ್ಲ. ಬಾಲಯೇಸುವನ್ನು ಇಡುವುದು ಹಬ್ಬದ ರಾತ್ರಿ. ಅಲ್ಲಿಯವರೆಗೆ ಬೊಂಬೆ ಇರುವುದು ಅವಳದೇ ಕಪಾಟಿನಲ್ಲಿ. ಖಾಲಿ ತೊಟ್ಟಿಯನ್ನು ತಬ್ಬಿಕೊಂಡವಳು ಏಳಲೇ ಇಲ್ಲ. ನೋಡುತ್ತಿದ್ದವರಲ್ಲಿ ಯಾರೋ ನಕ್ಕರು. ಅವರ ಕೆನ್ನೆಗೆ ಬಾರಿಸಬೇಕೆನಿಸಿತು ನನಗೆ.

ವಾರ್ಡಿನ ಕ್ರೈಸ್ತರ ಮುಖ್ಯಸ್ಥೆ, ಗುರಿಕಾರ್ತಿ ವೆರೊನಿಕಾ ಅವಳನ್ನು ಎಬ್ಬಿಸಿ ಕೂರಿಸಿದರು. "ಆಗುವುದಿಲ್ಲ ಅಂತಾದರೆ ಹೇಳು ಬೆನ್ನಾ, ಬೇರೆಯವರಿಗೆ ಕೊಡುವ. ತೀರ್ಪುಗಾರರ ಎದುರು ಹೀಗಾದರೆ ಮತ್ತೆ ಗೋದಲಿ ನಿನ್ನ ಕೈಗೆ ಬರುವುದಿಲ್ಲ."

"ನಾನೇ ಮಾಡುತ್ತೇನೆ."

"ನಕ್ಷತ್ರ ತೆಗೆಸುವುದಾ?"

"ಬೇಡ. ಇರಲಿ."

ಮುರಿದದ್ದನ್ನೆಲ್ಲ ಮತ್ತೆ ಕಟ್ಟಿದಳು. ಹತ್ತಿರ ಯಾರನ್ನೂ ಬಿಟ್ಟುಕೊಳ್ಳಲಿಲ್ಲ. ಅವಳು ತಡೆದುಕೊಂಡಾಳೇ ಎಂಬ ಭಯದಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ತೀರ್ಪುಗಾರರು ಬರುವ ಸಂಜೆ ವೆರೊನಿಕಾ ಗೋದಲಿಯ ಮುಂದೆ ಗಕ್ಕನೆ ನಿಂತರು. ತೊಟ್ಟಿಯತ್ತ ಬಾಗಿ ಮಂಡಿಯೂರಿರಬೇಕಾದ ಮಾತೆ ಮರಿಯಳ ಮೂರ್ತಿ ಆ ಕಡೆಗೆ ತಿರುಗಿತ್ತು. ಮುಖ ನಕ್ಷತ್ರದತ್ತ, ಬೆನ್ನು ತೊಟ್ಟಿಗೆ.

"ಇದೆಂತ ಬೆನ್ನಾ? ತಾಯಿ ಮಗುವಿಗೆ ಬೆನ್ನು ಹಾಕುತ್ತಾಳಾ? ತಿರುಗಿಸು, ಅವರು ಗೇಟಿಗೆ ಬಂದಾಯ್ತು." ತಾವೇ ಮೂರ್ತಿಗೆ ಕೈಹಾಕಿದರು.

ಬೆನೆಡಿಕ್ಟಾ ಆ ಕೈ ಹಿಡಿದಳು. "ಒಂದು ದಿನ ಅಜ್ಜಿಯನ್ನು ಎತ್ತಲಿಕ್ಕೆ ಆಗಲಿಲ್ಲ. ಸೈರನ್ ನಿಲ್ಲುವುದಿಲ್ಲ. ಕಿಟಕಿಯಲ್ಲಿ ನೋಡಿದರೆ ಬಾಲ ಇದ್ದದ್ದೊಂದು ನಮ್ಮ ಕಡೆಗೇ ಬರುತ್ತಾ ಉಂಟು. ನಾನು ಕಿಟಕಿಗೂ ಹಾಸಿಗೆಗೂ ನಡುವೆ ನಿಂತೆ. ಅಜ್ಜಿಗೆ ಕಂಡದ್ದು ನನ್ನ ಬೆನ್ನೇ."

ವೆರೊನಿಕಾ ಕೈ ಹಿಂದಕ್ಕೆ ತೆಗೆದರು.

ತೀರ್ಪುಗಾರರಲ್ಲೊಬ್ಬರು ಮೂರ್ತಿಯನ್ನು ನೋಡಿ ಹುಬ್ಬು ಗಂಟಿಕ್ಕಿದರು. "ನಮ್ಮಲ್ಲಿ ಹೀಗೇ," ಎಂದರು ವೆರೊನಿಕಾ. "ರಿತೇಶ್, ಬಿಡು."

ನಕ್ಷತ್ರ ಇಳಿಯತೊಡಗಿತು. ಬೆನೆಡಿಕ್ಟಾ ಪಕ್ಕದಲ್ಲಿದ್ದ ನನ್ನ ಕೈ ಹಿಡಿದ ಬಿಗಿಗೆ ಬಳೆ ಮಣಿಕಟ್ಟಿಗೆ ಒತ್ತಿತು. ನಕ್ಷತ್ರ ಮಾಡಿನ ಮೇಲೆ ಬಂದು ನಿಲ್ಲುವವರೆಗೂ ಅವಳು ಕದಲಲಿಲ್ಲ, ಕಣ್ಣು ಮುಚ್ಚಲಿಲ್ಲ. ಮುಚ್ಚಿದವಳು ನಾನು.