ಗಂಟಲು ಕಟ್ಟಿದ ಮನೆ

ಡ್ರೈವಿಂಗ್ ಶಾಲೆಯಲ್ಲಿ ಅವಳಿಗೆ ಸಿಡುಕಮ್ಮ ಎಂದೇ ಹೆಸರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್ಚು ಜಿರಳೆ ಅಲ್ಲ ಸ್ವಾಮಿ, ಹಾಗೆ ತುಳೀಬೇಡಿ" ಎಂದು ಗದರುವುದೇ ಅವಳ ಕಸುಬು. ಮನುಷ್ಯರ ಬುದ್ಧಿಯ ಮೇಲೆ ಅವಳಿಗೆ ಹೆಚ್ಚೇನೂ ಭರವಸೆ ಉಳಿದಿರಲಿಲ್ಲ. ಉಳಿದ ಚೂರುಪಾರನ್ನು ಅವಳ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಗುಡಿಸಿ ಹಾಕಿದ್ದರು.

ಹದಿಹರೆಯದಿಂದಲೂ ಅವಳ ಮೈ ಆಗಾಗ ಊದುತ್ತಿತ್ತು. ಒಮ್ಮೆ ತುಟಿ, ಒಮ್ಮೆ ರೆಪ್ಪೆ, ಸ್ಟೀರಿಂಗ್ ಬಿಗಿಹಿಡಿದ ದಿನ ಅಂಗೈ. ತುರಿಕೆಯಿಲ್ಲ, ಗುಳ್ಳೆಯಿಲ್ಲ, ತಾನಾಗಿ ಬಂದು ತಾನಾಗಿ ಇಳಿಯುತ್ತಿತ್ತು. ಮನೆಗೆ ಬಂದವರೆಲ್ಲ ವೈದ್ಯರೇ. ಬದನೆಕಾಯಿ ಬಿಡು ಎಂದವರೊಬ್ಬರು, ದಿಂಬು ಬದಲಿಸು ಎಂದವರೊಬ್ಬರು. ಅತ್ತೆಯದು ಮಾತ್ರ ಒಂದೇ ರಾಗ: "ಬಾಯಿಗೆ ಬೀಗ ಇಲ್ಲ. ಸಿಕ್ಕಿದ್ದೆಲ್ಲ ತಿಂತಾಳೆ, ಊದ್ಕೋತಾಳೆ." ಹೀಗೆನ್ನುವಾಗ ಅತ್ತೆಯ ಬಾಯಿ ತುಂಬ ಬಿಸ್ಕತ್ತು.

ದವಡೆಹಲ್ಲು ಕೀಳಿಸಿದ ಸಂಜೆ ಕೆನ್ನೆ ಊದಿತು, ಆಮೇಲೆ ನಾಲಗೆ, ಆಮೇಲೆ ಗಂಟಲು. ಆಸ್ಪತ್ರೆ ಸೇರುವಷ್ಟರಲ್ಲಿ ಉಸಿರು ಸೀಟಿ ಹೊಡೆಯುತ್ತಿತ್ತು. ಅಲರ್ಜಿಯ ಇಂಜೆಕ್ಷನ್‌ಗಳಿಗೆ ಊತ ಕ್ಯಾರೇ ಅನ್ನಲಿಲ್ಲ. ಕೊನೆಗೆ ಗಂಟಲಿಗೆ ಕೊಳವೆ ತೂರಿಸಿ ಜೀವ ಉಳಿಸಿದರು.

ಕೊಳವೆ ತೆಗೆದ ಮೇಲೆ ವೈದ್ಯೆಯೊಬ್ಬಳು ಬಂದು ಮಂಚದ ಪಕ್ಕ ಕೂತಳು.

"ರಕ್ತನಾಳದ ಒಳಗೋಡೆ ಅಂದ್ರೆ ಒಂದೇ ಪದರ ಜೀವಕೋಶ. ಪಕ್ಕಪಕ್ಕದ ಕೋಶಗಳು ಪ್ರೋಟೀನಿನ ಕೊಂಡಿ ಹಾಕಿ ಒಂದನ್ನೊಂದು ಹಿಡ್ಕೊಂಡಿರ್ತವೆ. ಬ್ರಾಡಿಕೈನಿನ್ ಅನ್ನೋ ಪುಟ್ಟ ಅಣು ಬಂದು ಕೋಶದ ಮೇಲೆ ಕೂತ್ರೆ ಕೋಶ ಮುದುಡುತ್ತೆ, ಕೊಂಡಿ ಸಡಿಲ ಆಗುತ್ತೆ, ಸಂದಿಯಿಂದ ನೀರು ಸೋರುತ್ತೆ. ಆ ಅಣು ಅತಿಯಾಗದ ಹಾಗೆ ತಡೆಯೋ ಪ್ರೋಟೀನು ನಿಮ್ಮ ರಕ್ತದಲ್ಲಿ ಕಮ್ಮಿ."

"ಹಾಗಾದ್ರೆ ಅಲರ್ಜಿ ಮಾತ್ರೆ?"

"ಅದು ಹಿಸ್ಟಮಿನ್ ಅನ್ನೋ ಬೇರೆ ಅಣುವಿಗೆ. ನಿಮ್ಮ ಊತಕ್ಕೂ ಅದಕ್ಕೂ ಸಂಬಂಧ ಇಲ್ಲ."

"ಇಷ್ಟು ವರ್ಷ ಬದನೆಕಾಯಿ ಬಿಟ್ಟಿದ್ದು ದಂಡ ಅನ್ನಿ!"

"ದಂಡವೇ. ಇದು ಸಾಮಾನ್ಯವಾಗಿ ವಂಶದಲ್ಲಿ ಬರೋದು. ಮನೇಲಿ ಇನ್ಯಾರಿಗಾದ್ರೂ ಹೀಗೆ ಗಂಟಲು ಕಟ್ಟಿತ್ತಾ?"

ಅವಳ ಸಿಡುಕೆಲ್ಲ ಎಲ್ಲಿಗೋ ಹೋಯಿತು. ಅಪ್ಪ ಅಡುಗೆಮನೆಯ ಕುರ್ಚಿಯಲ್ಲಿ ಕೂತಲ್ಲೇ ಉಸಿರು ಕಟ್ಟಿ ಹೋದಾಗ ಅವಳಿನ್ನೂ ಶಾಲೆಯಲ್ಲಿದ್ದಳು. ಕುಡಿದು ಸತ್ತ ಎಂದು ಊರೆಲ್ಲ ಸಾರಿದವರು ಅತ್ತೆ. ಅಪ್ಪ ಯಾವಾಗಲೋ ಒಮ್ಮೆ ಕುಡಿದಿದ್ದುಂಟು, ಅದೂ ಅತ್ತೆಯ ಗಂಡನ ಬಲವಂತಕ್ಕೆ.

ವಿಷಯ ತಿಳಿದು ಅತ್ತೆ ಹಾರಾಡಿದರು. "ನಮ್ಮ ವಂಶದಲ್ಲಿ ಅಂಥದ್ದೇನೂ ಇಲ್ಲ! ನನಗಿರೋದು ಬರೀ ಹೊಟ್ಟೆನೋವು." ಆ ನೋವಿಗೆ ಹಿಂದೊಮ್ಮೆ ಹೊಟ್ಟೆ ಕೊಯ್ಯಿಸಿಕೊಂಡು, ಆ ಆಪರೇಷನ್ ಕಥೆಯನ್ನು ಕಂಡವರಿಗೆಲ್ಲ ಬಡಿಸುತ್ತಿದ್ದವರು. ರಕ್ತಪರೀಕ್ಷೆಯಾಯಿತು. ಅತ್ತೆಯದೂ ಅದೇ ಕಾಯಿಲೆ. ಊದುತ್ತಿದ್ದದ್ದು ಕರುಳಿನ ಗೋಡೆ. ಅಂದಿನ ಆಪರೇಷನ್‌ನಲ್ಲಿ ಏನೂ ಆಗಿರದ ಅಪೆಂಡಿಕ್ಸನ್ನು ಕಿತ್ತು ಎಸೆದಿದ್ದರು.

ಅತ್ತೆ ಎರಡು ದಿನ ಮುಖ ಗಂಟು ಹಾಕಿಕೊಂಡರು. ಆಮೇಲೆ, "ಅಪರೂಪದ ಕಾಯಿಲೆಯಂತೆ, ಎಲ್ಲರಿಗೂ ಬರಲ್ವಂತೆ" ಎಂದು ಬೀಗತೊಡಗಿದರು.

"ಅಪ್ಪ ಕುಡಿದು ಸತ್ತಿಲ್ಲ ಅಂತಾನೂ ಸೇರಿಸಿ ಹೇಳಿ," ಎಂದಳು ಸಿಡುಕಮ್ಮ.

"ಹೋದವನ ಮಾತು ಈಗ್ಯಾಕೆ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಮುಂದಿನ ಸಲ ಅತ್ತೆ ಹೊಟ್ಟೆ ಹಿಡಿದುಕೊಂಡು ಹೊರಳಾಡಿದಾಗ ನೆರವಿಗೆ ಓಡಿದವಳು ಅವಳೇ. ಬ್ರಾಡಿಕೈನಿನ್ ಕೂರುವ ಜಾಗದಲ್ಲಿ ತಾನು ಕೂತು ಅದನ್ನು ಹೊರಗೆ ನಿಲ್ಲಿಸುವ ಇಂಜೆಕ್ಷನ್ ಈಗ ಮನೆಯಲ್ಲೇ ಇತ್ತು. ಹೊಟ್ಟೆಯ ಚರ್ಮ ಹಿಡಿದು ಚುಚ್ಚಿದಳು.

"ಅಯ್ಯೋ, ಕಟುಕಿ!" ಎಂದು ಅತ್ತೆ ಕಿರುಚಿದರು.

ನೋವು ಇಳಿದ ಮೇಲೆ ಗೋಡೆಯ ಕಡೆ ತಿರುಗಿ ಗೊಣಗಿದರು. "ಅವನಿಗೂ ಇದು ಸಿಕ್ಕಿದ್ರೆ ಬದುಕ್ತಿದ್ನೇನೋ. ಕುಡುಕ ಆಗಿರ್ಲಿಲ್ಲ ಬಿಡು."

"ನನಗೆ ಹೇಳಿ ಏನುಪಯೋಗ? ನನಗದು ಮೊದಲೇ ಗೊತ್ತು," ಎನ್ನುತ್ತಾ ಸಿಡುಕಮ್ಮ ಚಿಕ್ಕಪ್ಪನಿಗೆ ಫೋನ್ ಹಚ್ಚಿ ಅತ್ತೆಯ ಕಿವಿಗೆ ಒತ್ತಿದಳು. "ಇವರಿಗೆ ಹೇಳಿ. ಆಮೇಲೆ ದೊಡ್ಡಮ್ಮನಿಗೆ. ಒಬ್ಬರನ್ನೂ ಬಿಡೋ ಹಾಗಿಲ್ಲ."