ತಿಥಿಯ ದಿನ ತೆರೆಯುತ್ತಿದ್ದ ನಾಕಾ

ಮೊನ್ನೆ ಅಟ್ಟ ಗುಡಿಸುವಾಗ ಒಂದು ಬಟ್ಟೆಯ ಗವಸು ಸಿಕ್ಕಿತು. ಹಳೇ ಕಾಲದ ದಪ್ಪ ಮಾನಿಟರಿಗೆ ಹೊದಿಸುವಂಥದ್ದು, ನೀಲಿ ಚೌಕುಳಿಯ ಕೈಮಗ್ಗದ ಸೀರೆ ಕತ್ತರಿಸಿ ಹೊಲಿದದ್ದು. ಕೊಡವಿದೆ. ಧೂಳಿನ ಜೊತೆ ಕರ್ಪೂರದ ವಾಸನೆ ಬಂತು... ಜಿರಳೆ ಬಾರದಿರಲೆಂದು ಅಕ್ಕೋರು ಅದರ ಮೂಲೆಯಲ್ಲಿ ಕರ್ಪೂರ ಕಟ್ಟಿಡುತ್ತಿದ್ದರು. ಕಂಪ್ಯೂಟರಿಗೂ ಮಂಗಳಾರತಿಯೇ ಎಂದು ಆಗ ನಗುತ್ತಿದ್ದೆ. ಮೊನ್ನೆ ನಗು ಬರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಶಿರಸಿಯಲ್ಲಿ ಅವರು ಕಂಪ್ಯೂಟರ್ ಕ್ಲಾಸು ತೆರೆದರು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು. ಕಲಿಸುವವರಾದ್ದರಿಂದ ಊರಿಗೆಲ್ಲ ಅವರು ಅಕ್ಕೋರು. ಮಂಚಿಕೇರಿಯಿಂದ ಬಸ್ಸಿನಲ್ಲಿ ಓಡಾಡುತ್ತ ನಾನು ಅಲ್ಲೇ ಕಲಿತು, ಅಲ್ಲೇ ಕಲಿಸಲು ನಿಂತವಳು. ನನ್ನ ಬಾಯಿ ಜೋರು, ಅವರದು ಮೆತ್ತಗೆ. ಅದಕ್ಕೇ ಕೂಡಿ ಬಂತೋ ಏನೋ.

ಅವರ ಯಜಮಾನರದು ಓ ನೆಗೆಟಿವ್ ರಕ್ತ, ಇವರದೂ ಅದೇ. “ಜಾತಕ ಕೂಡಿದ್ದಿಲ್ಲೆ, ರಕ್ತ ಕೂಡಿತ್ತು” ಎಂದು ಅಕ್ಕೋರು ತಮಾಷೆ ಮಾಡುತ್ತಿದ್ದರು. ಮಕ್ಕಳಾಗಿರಲಿಲ್ಲ. ಯಾವ ಆಸ್ಪತ್ರೆಯಿಂದ ಕರೆ ಬಂದರೂ ಯಜಮಾನರು ಸ್ಕೂಟರ್ ಹತ್ತಿ ಹೊರಟುಬಿಡುವರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ರಕ್ತದಾನಿಗಳನ್ನೆಲ್ಲ ಒಂದು ಪ್ರೋಗ್ರಾಮಿನಲ್ಲಿ ಸೇರಿಸಿ ಆಸ್ಪತ್ರೆಗಳಿಗೆ ಕೊಡೋಣ ಎಂದವರೂ ಅವರೇ. ನಾನೂ ಅಕ್ಕೋರೂ ಕೂತು ಬರೆದೆವು.

ಒಂದು ದಿನ ನಂದೊಳ್ಳಿ ಕಡೆಯ ತಾಯಿಯೊಬ್ಬರು ಬಂದರು. ಮಗ ತೀರಿಹೋಗಿ ವರ್ಷವಾಗಿತ್ತು. ಆದರೂ ಅವನ ರಕ್ತ ಬೇಕೆಂದು ಮನೆಗೆ ಫೋನು ಬಂದಿತ್ತು. ಆಕೆ ಸಿಟ್ಟು ಮಾಡಲಿಲ್ಲ. “ತಂಗಿ, ಅವನ ಹೆಸ್ರು ಹಿಡಿದು ಕರೀಬೇಡಿ ಅಂತ ಹೇಳೂಕೆ ಬಂದೆ” ಎಂದು ಅಲ್ಲೇ ಕೂತು ಅತ್ತರು. ತೀರಿದವರ ಹೆಸರನ್ನು ನಾವು ಅಳಿಸುತ್ತಿರಲಿಲ್ಲ, ಗುರುತು ಹಾಕಿ ಇಡುತ್ತಿದ್ದೆವು. ಹಿಂದೆ ಕೊಟ್ಟ ರಕ್ತದ ವಿವರ ಡಾಕ್ಟರಿಗೆ ಬೇಕಾಗುತ್ತಿತ್ತು. ಊರು ಹಿಡಿದು, ಗುಂಪು ಹಿಡಿದು, ವಯಸ್ಸು ಹಿಡಿದು ಹುಡುಕುವ ಒಂದೊಂದು ಕಡೆಯೂ ‘ಬದುಕಿರುವವರು ಮಾತ್ರ’ ಎಂದು ಬೇರೆ ಬೇರೆ ಬರೆಯಬೇಕಿತ್ತು. ಎಲ್ಲೋ ಒಂದು ಕಡೆ ಬಿಟ್ಟುಹೋಗಿತ್ತು.

ಅಕ್ಕೋರು ಅವತ್ತು ಊಟಕ್ಕೆ ಏಳಲಿಲ್ಲ. ಆಮೇಲೆ ಒಂದು ಉಪಾಯ ಹೂಡಿದರು. ನಮ್ಮ ಪ್ರೋಗ್ರಾಮು ದಾನಿಗಳ ಹೆಸರುಗಳಿದ್ದ ಡೇಟಾಬೇಸನ್ನು ನೇರವಾಗಿ ಮಾತಾಡಿಸುತ್ತಿರಲಿಲ್ಲ. ನಾವು ‘ದಾನಿ ಬೇಕು’ ಎಂದು ನಮ್ಮ ಕೋಡಿನಲ್ಲಿ ಕೇಳಿದರೆ, ನಡುವಿನ ಒಂದು ಪದರ ಅದನ್ನು ಡೇಟಾಬೇಸಿಗೆ ತಿಳಿಯುವ ಕ್ವೆರಿಯಾಗಿ ಬದಲಿಸಿ ಕಳಿಸುತ್ತಿತ್ತು. ಹೊರಟ ಆ ಕ್ವೆರಿಯನ್ನು ದಾರಿಯಲ್ಲೇ ತಡೆದು, ‘ಬದುಕಿರುವವರು ಮಾತ್ರ’ ಎಂಬ ಸಾಲನ್ನು ತಾನೇ ಸೇರಿಸಿ, ಹಾಗೆ ತಿದ್ದಿದ್ದನ್ನು ಮುಂದೆ ಬಿಡುವ ತುಣುಕೊಂದನ್ನು ಅವರು ಬರೆದರು. “ಯಲ್ಲಾಪುರ ರಸ್ತೇಲಿ ಮರದ ಲಾರಿ ನಿಲ್ಸಿ ನೋಡ್ತ ಅಲ್ದ, ಹಂಗೇಯ ಇದೊಂದು ನಾಕಾ” ಎಂದರು. ದಾನಿ ಬೇಕೆಂದು ಯಾರು ಎಲ್ಲಿಂದ ಹುಡುಕಲಿ, ನಾಕಾ ದಾಟಿಯೇ ಹೋಗಬೇಕು. ಮತ್ತೆಂದೂ ಅಂಥ ಫೋನು ತಪ್ಪಿ ಯಾರ ಮನೆಗೂ ಹೋಗಲಿಲ್ಲ.

ಮರುವರ್ಷ ಯಜಮಾನರೇ ಹೋದರು. ಎದೆನೋವು ಎಂದರಂತೆ, ಅಷ್ಟೇ... ಕರ್ಮಗಳೆಲ್ಲ ಮುಗಿದ ಮೇಲೆ ಅಕ್ಕೋರು ಬಂದು, ಚಪ್ಪಲಿ ಬಿಟ್ಟು ಒಳಗೆ ಕೂತು, ಗಂಡನ ಹೆಸರಿನ ಮುಂದೆ ತಾವೇ ಗುರುತು ಹಾಕಿದರು. ಓ ನೆಗೆಟಿವ್ ಎಂದು ಹುಡುಕಿದರು. ಅವರ ಹೆಸರು ಬರಲಿಲ್ಲ. ತಾವು ಕಟ್ಟಿದ ನಾಕಾ ತಮ್ಮವರನ್ನೇ ತಡೆದಿತ್ತು.

ಯಜಮಾನರ ತಿಥಿ ಮಾಡುವವರು ಮೈದುನ, ಸಿದ್ದಾಪುರದಲ್ಲಿ. ಇವರು ಹೋದರೆ ಸಿಗುವುದು ಅಡುಗೆಮನೆಯ ಮೂಲೆ. ಹೋಗುವುದನ್ನೇ ಬಿಟ್ಟರು. ಅದೇ ಹೊತ್ತಿಗೆ ನಾಕಾದ ಕೋಡಿನಲ್ಲಿ ನಾನೊಂದು ಹೊಸ ಸಾಲು ಕಂಡೆ. ತಿಥಿಯ ದಿನ ಆ ಒಬ್ಬರ ಹೆಸರನ್ನು ಮಾತ್ರ ತಡೆಯಬೇಡ ಎಂದಿತ್ತು. ತಿಥಿ ಪ್ರತಿವರ್ಷ ಬೇರೆ ತಾರೀಖಿಗೆ ಬೀಳುತ್ತದಲ್ಲ, ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ನೋಡಿ ತಾರೀಖು ಬದಲಿಸುತ್ತಿದ್ದರು.

ನಾನು ಜಗಳಕ್ಕೇ ನಿಂತೆ. “ಇದೆಂತ ಹುಚ್ಚು ಅಕ್ಕೋರೆ? ರಕ್ತ ಸಿಗದೆ ಒದ್ದಾಡೋರ ಹೊತ್ತು ಹಾಳಾಗ್ತಿಲ್ಯ?”

“ಫೋನ್ ಬಪ್ಪದು ಯಮ್ಮನೆಗೇ ಅಲ್ದನೆ ಕೂಸೆ? ಅದೇ ರಕ್ತ ಯನ್ನ ಮೈಲೂ ಇದ್ದು. ಆನು ಹೋಗ್ತೆ. ವರ್ಷಕ್ಕೊಂದಿನ ಯಾರಾದ್ರೂ ಅವರ ಹೆಸರು ಹಿಡಿದು ಕೇಳ್ಲಿ.”

ಆ ದಿನ ಅವರು ಬೆಳಗಿನಿಂದ ಉಪವಾಸ ಇದ್ದು ಫೋನಿನ ಪಕ್ಕ ಕೂರುತ್ತಿದ್ದರು. ಮೊದಲೆರಡು ವರ್ಷ ಫೋನು ಬರಲೇ ಇಲ್ಲ. ಮೂರನೆಯ ಸಲ ಬಂತು, ನಾನೂ ಜೊತೆಗಿದ್ದೆ. ಯಲ್ಲಾಪುರದಿಂದ ಶಿರಸಿಯ ಆಸ್ಪತ್ರೆಗೆ ಹೆರಿಗೆಗೆಂದು ತಂದ ಹೆಂಗಸಿಗೆ ರಕ್ತ ಬೇಕಿತ್ತು. ಯಜಮಾನರ ಹೆಸರು ಹೇಳಿ, ಇದ್ದಾರಾ ಎಂದು ಕೇಳಿದರು. ಅಕ್ಕೋರು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಅವರಿಗೆ ಬರೂಕಾಗೂದಿಲ್ಲ. ನಾ ಬರ್ತೆ” ಎಂದರು.

ಖಾಲಿ ಹೊಟ್ಟೆಯವರ ರಕ್ತ ತೆಗೆಯುವುದಿಲ್ಲ ಎಂದರು ನರ್ಸು. ತಿಥಿ ಮುಗಿಯದೆ ಬಾಯಿಗೆ ಹೇಗೆ ಹಾಕಲಿ ಎಂದು ಇವರು. ಸಿದ್ದಾಪುರದಲ್ಲಿ ಮೈದುನ ಇನ್ನೂ ಪಿಂಡ ಇಟ್ಟಿರಲಿಕ್ಕಿಲ್ಲ. ನನಗೆ ರೇಗಿಹೋಯಿತು. ಕ್ಯಾಂಟೀನಿನಿಂದ ಇಡ್ಲಿ ತಂದು ಮುಂದಿಟ್ಟು, “ಕರೆ ಬಂದದ್ದು ಅವರ ಹೆಸರಿಗೆ. ಅವರ ಎಲೆಗೆ ಬಡಿಸಿದ್ದು ಅಂತ ತಿಳ್ಕಂಡು ಉಣ್ಣಿ” ಎಂದೆ. ಕಣ್ಣೀರು ಸುರಿಸುತ್ತಲೇ ಅಷ್ಟೂ ತಿಂದರು. ಆಮೇಲೆ ರಕ್ತ ಕೊಟ್ಟರು. ತಾಯಿಯೂ ಮಗುವೂ ಉಳಿದರು. ಆಟೋದಲ್ಲಿ ಬರುವಾಗ, “ಇವತ್ತು ಅವರಿಗೆ ತೃಪ್ತಿ ಆತು” ಎಂದರು.

ಅವರೂ ಹೆಚ್ಚು ಕಾಲ ಇರಲಿಲ್ಲ. ಕಾಯಿಲೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು... ಅವರ ಹೆಸರಿನ ಮುಂದೆ ಗುರುತು ಹಾಕಿದವಳು ನಾನು. ಅವರ ಮನೆಯ ಫೋನನ್ನು ಕಿತ್ತರು. ಯುಗಾದಿ ಬಂತು. ಪಂಚಾಂಗದಲ್ಲಿ ಯಜಮಾನರ ತಿಥಿ ಹುಡುಕಿ, ತಾರೀಖು ಬದಲಿಸಲು ಕೂತೆ. ಕೂತೇ ಇದ್ದೆ. ಅವತ್ತು ಯಾರಾದರೂ ಕರೆದರೆ ಫೋನು ಎತ್ತುವವರು ಯಾರು? ಎದ್ದು ಹೋಗುವವರು ಯಾರು? ನನ್ನದು ಬಿ ಪಾಸಿಟಿವ್, ಅವರ ಬದಲಿಗೆ ಹೋಗಲೂ ಬಾರದ ರಕ್ತ. ಆ ಸಾಲನ್ನು ಅಳಿಸಿದೆ.

ಈಗ ಆ ಪ್ರೋಗ್ರಾಮೂ ಇಲ್ಲ, ಗವಸು ಹೊದಿಸಲು ಅಂಥ ಮಾನಿಟರೂ ಇಲ್ಲ. ತೊಳೆಯಲು ಮನಸ್ಸಾಗದೆ, ಹೊಸ ಕರ್ಪೂರ ಕಟ್ಟಿ ಕಪಾಟಿನಲ್ಲಿಟ್ಟಿದ್ದೇನೆ. ಯುಗಾದಿಗೆ ಪಂಚಾಂಗ ಬಂದ ಕೂಡಲೇ ಆ ದಿನ ಹುಡುಕುವ ಚಾಳಿ ಮಾತ್ರ ಬಿಟ್ಟಿಲ್ಲ. ಈಗ ಹುಡುಕಬೇಕಾದ ದಿನ ಎರಡು, ಅಕ್ಕೋರದೂ ಸೇರಿ. ಆ ಎರಡು ದಿನವೂ ನನ್ನ ಮೊಬೈಲು ಎಷ್ಟೋ ಸಲ ಹೊಡೆದುಕೊಳ್ಳುತ್ತದೆ... ಅವರನ್ನು ಕೇಳಿ ಒಂದು ಕರೆಯೂ ಬರುವುದಿಲ್ಲ.